ಜೀಪಿಗೊಂದು ಎಡಗನ್ನಡಿ

ಕನ್ನಡಿಯ ವಿಷಯ ಬಂದರೆ ಗಂಡಸರು ನಮ್ಮನ್ನು ಹಾಸ್ಯ ಮಾಡುವುದು ಇದ್ದದ್ದೇ. ಮದುವೆಮನೆಗೆ ಹೊರಟ ದಿನ ಅಂಗಳದಲ್ಲಿ ನಿಂತು ಹಾರನ್ನು ಬಾರಿಸುತ್ತಾ, "ಇನ್ನೂ ಕನ್ನಡಿ ಬಿಟ್ಟು ಕದಲಿಲ್ವಾ?" ಎಂದು ಕೂಗಿಸಿಕೊಳ್ಳದ ಗೃಹಿಣಿ ಯಾರಿದ್ದಾರೆ ಹೇಳಿ. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದೇ ಒಂದು ಕನ್ನಡಿಯ ಸಲುವಾಗಿ ಎರಡು ತಿಂಗಳು ಚರ್ಚೆ ನಡೆಯಿತು. ಅದು ಮುಖ ನೋಡಿಕೊಳ್ಳುವ ಕನ್ನಡಿಯಲ್ಲ. ನಮ್ಮ ಹಳೆಯ ಜೀಪಿನ ಎಡಗಡೆಗೆ ಹಾಕುವ ಕನ್ನಡಿ.

ಜೀಪು ಮಹೀಂದ್ರದವರ ಸಿ.ಜೆ. 3ಬಿ, 1976ರ ಮಾಡೆಲ್ಲು. ಮಲೆನಾಡಿನವರಿಗೆ ಇದರ ಗುರುತು ಹೇಳಬೇಕಾಗಿಲ್ಲ. ಎತ್ತರದ ಬಾನೆಟ್ಟು, ಹಲಗೆಯ ಹಾಗೆ ಚಪ್ಪಟೆಯಾದ ಮಡ್‌ಗಾರ್ಡು, ಬೇಕೆಂದಾಗ ಚೌಕಟ್ಟಿನ ಸಮೇತ ಮುಂದಕ್ಕೆ ಮಲಗಿಸಬಹುದಾದ ಗಾಜು, ಮೇಲೆ ತಾಡಪಾಲಿನ ಹುಡ್. ಅಮೆರಿಕದ ವಿಲ್ಲೀಸ್ ಕಂಪನಿಯವರು 1953ರಲ್ಲಿ ಹೊರತಂದ ಮಾದರಿ ಇದು. ಹೊಸ ಎಂಜಿನ್ನು ಮೊದಲಿನದಕ್ಕಿಂತ ಎತ್ತರವಾಗಿದ್ದರಿಂದ ಅದನ್ನು ಹಿಡಿಸಲು ಬಾನೆಟ್ಟನ್ನೇ ಏರಿಸಿದರು. ಈ ಎತ್ತರದ ಬಾನೆಟ್ಟನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಅದರದೇ ತಾಪತ್ರಯ.

ನಮ್ಮ ಜೀಪಿಗೆ ಇದ್ದದ್ದು ಡ್ರೈವರ್ ಪಕ್ಕದ ಬಲಗನ್ನಡಿ ಒಂದು, ಒಳಗೆ ಗಾಜಿನ ಮೇಲುಗಡೆ ಒಂದು. ಒಳಗಿನ ಕನ್ನಡಿ ಹೆಸರಿಗೆ ಮಾತ್ರ. ಹಿಂದಿನ ಎರಡು ಬೆಂಚುಗಳಲ್ಲಿ ಜನ ಎದುರುಬದುರು ಕೂತರೆ ಅದರಲ್ಲಿ ಕಾಣುವುದು ಅವರ ತಲೆ. ಜನ ಇಲ್ಲದಿದ್ದರೆ ಹುಲ್ಲಿನ ಹೊರೆ, ಅಡಿಕೆ ಮೂಟೆ. ಏನೂ ಇಲ್ಲದಿದ್ದರೆ ಹುಡ್ಡಿನ ಹಿಂದಿರುವ ಪ್ಲಾಸ್ಟಿಕ್ಕಿನ ಕಿಟಕಿ. ಅದೋ ಬಿಸಿಲಿಗೆ ಹಳದಿಯಾಗಿ, ಗೀರುಬಿದ್ದು, ಹಾಲು ತುಂಬಿದ ಕಣ್ಣಿನಂತಾಗಿದೆ.

ಹಾಗಾದರೆ ಇಷ್ಟು ವರ್ಷ ಎಡಗಡೆ ನೋಡುತ್ತಿದ್ದವರು ಯಾರು? ನಾನು! ಮದುವೆಯಾದಾಗಿನಿಂದ ಆ ಜೀಪಿನ ಎಡಗನ್ನಡಿ ನಾನೇ. "ಬಸ್ ಬರ್ತಿದೆ, ತಡೀರಿ", "ಯಾರೂ ಇಲ್ಲ, ತಗೊಳ್ಳಿ", "ಚರಂಡಿ ಇದೆ, ಇನ್ನೂ ಎಡಕ್ಕೆ ಬೇಡ". ಮಡಿಲಲ್ಲಿ ಮಗುವಿದ್ದಾಗಲೂ ಹೊರಗೆ ಕತ್ತು ಹಾಕಿ ಹೇಳಿದ್ದೇನೆ, ತೂಕಡಿಸುತ್ತಲೂ ಹೇಳಿದ್ದೇನೆ. ನಾನಿಲ್ಲದ ದಿನ ಇವರು ಸೀಟಿನಿಂದ ಅರ್ಧ ಎದ್ದು ತಿರುಗಿ ನೋಡಿಕೊಳ್ಳುತ್ತಿದ್ದರು. ಬಾಗಿಲಿಲ್ಲದ ಗಾಡಿ, ಅಷ್ಟು ಸಾಕಾಗುತ್ತಿತ್ತು.

ಎರಡು ವರ್ಷದ ಹಿಂದೆ ಇವರಿಗೆ ಕತ್ತಿನ ನೋವು ಶುರುವಾಯಿತು. ಮೂಳೆ ಸವೆದಿದೆ ಎಂದರು ಡಾಕ್ಟರು. ಪಟ್ಟಿ ಕಟ್ಟಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು. ನೋವು ಇಳಿಯಿತು, ಆದರೆ ಕತ್ತು ಎಡಕ್ಕೆ ತಿರುಗುವುದು ಅರ್ಧಕ್ಕೇ ನಿಂತಿತು. ಇವರೋ ಅದನ್ನು ಯಾರಿಗೂ ಹೇಳುವ ಪೈಕಿಯಲ್ಲ.

ಗೊತ್ತಾದದ್ದು ಘಾಟಿಯಲ್ಲಿ. ಆಗುಂಬೆಯ ಹದಿನಾಲ್ಕು ತಿರುವಿನ ದಾರಿಯನ್ನು ನೀವು ಬಸ್ಸಿನಲ್ಲಾದರೂ ಇಳಿದಿರಬಹುದು. ಎಡಕ್ಕೆ ಹೊರಳುವ ಒಂದು ತಿರುವಿನಲ್ಲಿ ಇವರು ಎದುರಿನ ಬಸ್ಸಿಗೆ ಜಾಗ ಬಿಡಲು ಜೀಪನ್ನು ಎಡಕ್ಕೆ ಒತ್ತಿದರು. ಅಷ್ಟರಲ್ಲಿ ನಮ್ಮ ಎಡಗಡೆಯ ಸಂದಿನಲ್ಲಿ ಬೈಕೊಂದು ನುಗ್ಗಿತ್ತು. ನಾನು ಕಿರುಚಿದೆ, ಬ್ರೇಕು ಹಿಡಿಯಿತು. ಬೈಕಿನ ಮೇಲೆ ಗಂಡ, ಹೆಂಡತಿ, ನಡುವೆ ಯೂನಿಫಾರ್ಮು ಹಾಕಿದ ಮಗು. ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಾ ಹೋದಳು. ಎಡದಲ್ಲಿ ನುಗ್ಗಿದ್ದು ಬೈಕಿನವನದೇ ತಪ್ಪು ಅನ್ನಿ. ಆದರೆ ಮಗುವಿಗೇನು ಗೊತ್ತು? ಆ ದಿನ ನಾನು ಮನೆಯಲ್ಲೇ ಉಳಿದಿದ್ದರೆ ಎಂದು ಯೋಚಿಸಿ ರಾತ್ರಿ ನಿದ್ದೆ ಬರಲಿಲ್ಲ.

ಬೆಳಗ್ಗೆ ಕಾಫಿ ಕೊಡುವಾಗ, "ಜೀಪಿಗೆ ಎಡಗಡೆ ಕನ್ನಡಿ ಹಾಕಿಸಬೇಕು" ಎಂದೆ. 

"ಹಳೆ ಜೀಪಿಗೆ ಎಂತ ಎಡಗನ್ನಡಿ ಮಾರಾಯ್ತಿ? ಚಂದ ಹಾಳು" ಎಂದರು. ಎರಡನೆಯ ಮಹಾಯುದ್ಧದ ಜೀಪಿನ ಫೋಟೋ ತೋರಿಸಿದರು. "ನೋಡು, ಒಂದೇ ದುಂಡು ಕನ್ನಡಿ."

ನಾನೂ ಕನ್ನಡಕ ಹಾಕಿಕೊಂಡು ನೋಡಿದೆ. ಅಮೆರಿಕದ ಗಾಡಿಯಲ್ಲಿ ಡ್ರೈವರ್ ಎಡಕ್ಕೆ ಕೂರುತ್ತಾನೆ, ಆ ಒಂದು ಕನ್ನಡಿಯೂ ಎಡಕ್ಕೇ ಇದೆ. "ಹಾಗಾದ್ರೆ ಮೂಲದ್ದು ಎಡಗನ್ನಡಿಯೇ ಅಲ್ವಾ?" ಎಂದೆ. ಸೊಸೆ ಅಡಿಗೆಮನೆಯಲ್ಲಿ ಕಿಸಕ್ಕನೆ ನಕ್ಕಳು. ಅವಳು ಮೈಸೂರಿನ ಹುಡುಗಿ, ಜೀಪು ಓಡಿಸುತ್ತಾಳೆ, ಮತ್ತು ನನ್ನ ಪಕ್ಷ.

ಗಾಡಿಗೆ ಕನ್ನಡಿ ಹಾಕುವ ಉಪಾಯವನ್ನು ಮೊದಲು ಹೇಳಿದವರಲ್ಲಿ ಒಬ್ಬಳು ಹೆಣ್ಣುಮಗಳೆಂದು ನಿಮಗೆ ಗೊತ್ತೇ? ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬಾಕೆ 1909ರಲ್ಲಿ ಕಾರು ಓಡಿಸುವ ಹೆಂಗಸರಿಗಾಗಿಯೇ ಒಂದು ಪುಸ್ತಕ ಬರೆದಳು. ಪುಟ್ಟ ಕೈಗನ್ನಡಿಯೊಂದನ್ನು ಜೊತೆಗಿಟ್ಟುಕೊಳ್ಳಿ, ಆಗಾಗ ಎತ್ತಿ ಹಿಡಿದು ಹಿಂದಿನಿಂದ ಯಾರು ಬರುತ್ತಿದ್ದಾರೆಂದು ನೋಡಿಕೊಳ್ಳಿ ಎಂದು ಅದರಲ್ಲಿ ಸಲಹೆ ಕೊಟ್ಟಿದ್ದಾಳೆ. ಎರಡು ವರ್ಷದ ನಂತರ, 1911ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್ಸಿನ ಮೊದಲ ಐನೂರು ಮೈಲಿ ಪಂದ್ಯವನ್ನು ರೇ ಹ್ಯಾರೂನ್ ಗೆದ್ದ. ಉಳಿದವರು ಹಿಂದೆ ನೋಡಿ ಹೇಳಲು ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ಕನನ್ನು ಕೂರಿಸಿಕೊಂಡಿದ್ದರೆ, ಇವನು ಒಂಟಿ ಸೀಟಿನ ಕಾರಿಗೆ ಕನ್ನಡಿ ಕಟ್ಟಿಕೊಂಡಿದ್ದ. ಆ ಪಕ್ಕದಲ್ಲಿ ಕೂತ ಮೆಕ್ಯಾನಿಕ್ಕನ ಸ್ಥಾನ ನನ್ನದು ಎಂದು ಇವರಿಗೆ ಹೇಳಿದೆ. ಮಾತಿಗೆ ಮಾತು ಬೆಳೆಯಲಿಲ್ಲ. ಅದೇ ಒಪ್ಪಿಗೆ ಎಂದು ತಿಳಿದುಕೊಂಡೆ.

ಈಗ ಯಾವ ಕನ್ನಡಿ, ಎಲ್ಲಿ ಹಾಕುವುದು?

ಕೊಳ್ಳುವ ಮೊದಲೇ ಜಾಗ ನೋಡೋಣ ಎಂದು ನಾನೇ ಒಂದು ಏರ್ಪಾಡು ಮಾಡಿದೆ. ಇವರು ಗಡ್ಡ ಕೆರೆಯುವ ಕನ್ನಡಿಯನ್ನು ಹಿಡಿಸೂಡಿಯ ಕೋಲಿಗೆ ಕಟ್ಟಿ ಸೊಸೆಯ ಕೈಗೆ ಕೊಟ್ಟೆ. ಇವರನ್ನು ಸೀಟಿನಲ್ಲಿ, ಎಂದಿನಂತೆ ಒರಗಿ ಕೂರಿಸಿದೆ. ಘಾಟಿಯಲ್ಲಿ ಆ ಬೈಕು ಎಲ್ಲಿತ್ತೋ ಅಂದಾಜು ಅಲ್ಲಿ, ಎಡ ಹಿಂಚಕ್ರದ ಪಕ್ಕ ಒಂದು ಮಾರು ದೂರದಲ್ಲಿ, ಕೆಂಪು ಬಕೆಟ್ಟು ಇಟ್ಟೆ. "ಬಕೆಟ್ ಕಂಡರೆ ಹೇಳಿ" ಎಂದೆ.

ಮೊದಲು ಗಾಜಿನ ಚೌಕಟ್ಟಿನ ಎಡ ಅಂಚಿನಲ್ಲಿ ಹಿಡಿದಳು. ಬಲಗನ್ನಡಿ ಇರುವುದೂ ಅಲ್ಲೇ ತಾನೆ, ಜೋಡಿಯಾಗುತ್ತದೆ ಎಂದು ಇವರ ಆಸೆ. ಬಕೆಟ್ಟೇನೋ ಕಂಡಿತು. ಆದರೆ ಅದನ್ನು ನೋಡಲು ಕತ್ತು ಸಾಕಷ್ಟು ಹೊರಳಬೇಕು, ಅದೇ ಅಲ್ಲವೇ ಆಗದ ಕೆಲಸ? ಮೇಲಾಗಿ ನಾನು ಪಕ್ಕದಲ್ಲಿ ಕೂತು ನೋಡಿದೆ: ನನ್ನ ತಲೆಯೇ ಅಡ್ಡ. ಮಳೆಗಾಲದಲ್ಲಿ ಎಡಗಡೆ ಪರದೆ ಇಳಿಸಿದರೆ ಮುಗಿದೇಹೋಯಿತು, ಮಸುಕು ಪ್ಲಾಸ್ಟಿಕ್ಕಿನ ಆಚೆ ಕನ್ನಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗಾಜನ್ನು ಮುಂದಕ್ಕೆ ಮಡಿಸಿದರೆ ಕನ್ನಡಿಯೂ ಅದರ ಜೊತೆ ಮಲಗುತ್ತದೆ.

ಆಮೇಲೆ ಎಡ ಮಡ್‌ಗಾರ್ಡಿನ ಮೇಲೆ ಹಿಡಿದಳು. ಅಲ್ಲಾದರೆ ಕಣ್ಣು ರಸ್ತೆ ಬಿಟ್ಟು ಹೆಚ್ಚು ಸರಿಯಬೇಕಾಗಿಲ್ಲ. ನೋಡುವುದು ಮುಂದಿನ ಗಾಜಿನ ಮೂಲಕ, ಅದನ್ನು ವೈಪರ್ ಒರೆಸುತ್ತಿರುತ್ತದೆ. ನಮ್ಮ ಮಳೆಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕೆ? ಜಪಾನಿನಲ್ಲಿ 1983ರವರೆಗೆ ಕಾರುಗಳಿಗೆಲ್ಲ ಮಡ್‌ಗಾರ್ಡಿನ ಮೇಲೇ ಕನ್ನಡಿ ಇರಬೇಕೆಂಬ ಕಾಯಿದೆಯಿತ್ತಂತೆ, ಸುಮ್ಮನೆ ಇರಲಾರದು. ಆದರೆ "ಕಾಣ್ತಾ?" ಎಂದರೆ ಇವರು "ಇಲ್ಲ" ಎಂದರು. ನಮ್ಮ ಬಾನೆಟ್ಟು ಎತ್ತರ, ಮಡ್‌ಗಾರ್ಡು ತಗ್ಗು. ಬಲಗಡೆ ಕೂತವರಿಗೆ ಬಾನೆಟ್ಟೇ ಗೋಡೆಯಾಗಿ ನಿಲ್ಲುತ್ತದೆ. ಸೊಸೆ ಕೋಲನ್ನು ಮೇಲೆ ಮೇಲೆ ಏರಿಸುತ್ತಾ ಹೋದಳು. ಬಾನೆಟ್ಟಿನ ಅಂಚು ದಾಟಿ ಒಂದು ಗೇಣು ಮೇಲೆ ಬಂದಾಗ, "ಹಾಂ, ಬಕೆಟ್ಟು!" ಎಂದರು. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕೋಲಿನ ಉದ್ದಕ್ಕೆ ಒಂದು ದಾರ ಅಳತೆ ತೆಗೆದು ಸೆರಗಿಗೆ ಕಟ್ಟಿಕೊಂಡೆ.

ಅಂಗಡಿಯಲ್ಲಿ ಇವರ ಕಣ್ಣು ಹೋದದ್ದು ಚಿಕ್ಕ ದುಂಡು ಕನ್ನಡಿಯ ಮೇಲೆ. ನೋಡಲಿಕ್ಕೆ ಚಂದವೇ. ಆದರೆ ಕನ್ನಡಿ ದೂರ ಹೋದಷ್ಟೂ ಅದರೊಳಗೆ ಕಾಣುವ ರಸ್ತೆ ಕಿರಿದಾಗುತ್ತದೆ. ಮಡ್‌ಗಾರ್ಡಿನ ಮೇಲೆ ಹೋಗುವ ಕನ್ನಡಿ ದೊಡ್ಡದಿರಲೇಬೇಕು. ಒಂಬತ್ತು ಇಂಚು ಉದ್ದ, ಆರು ಇಂಚು ಅಗಲದ್ದು ಆರಿಸಿದೆವು.

ಇನ್ನು ಗಾಜು ಎರಡು ತರಹ, ಚಪ್ಪಟೆ ಮತ್ತು ಉಬ್ಬು. ಶಾಲೆಯಲ್ಲಿ ಪೀನ ದರ್ಪಣ ಎಂದು ಓದಿದ್ದು ಈ ಉಬ್ಬಿನದು. ಸ್ಟೀಲು ಸೌಟಿನ ಬೆನ್ನಿನಲ್ಲಿ ಮುಖ ನೋಡಿಕೊಳ್ಳಿ, ತಕ್ಷಣ ಅರ್ಥವಾಗುತ್ತದೆ. ಮುಖ ಪುಟ್ಟದು, ಆದರೆ ಹಿಂದಿನ ಅಡಿಗೆಮನೆ ಪೂರ್ತಿ ಕಾಣುತ್ತದೆ. ಹಾಗೆಯೇ ಉಬ್ಬುಗನ್ನಡಿಯಲ್ಲಿ ಹೆಚ್ಚು ಜಾಗ ಕಾಣುತ್ತದೆ, ಆದರೆ ಹಿಂದಿನ ಲಾರಿ ಇರುವುದಕ್ಕಿಂತ ದೂರದಲ್ಲಿದೆ ಅನ್ನಿಸುತ್ತದೆ. ನಮ್ಮನ್ನು ಹಿಂದೆ ಹಾಕುವವರು ಬಲದಿಂದ ಬರುತ್ತಾರೆ, ಅಲ್ಲಿ ದೂರದ ಅಂದಾಜು ತಪ್ಪಬಾರದು. ಆದ್ದರಿಂದ ಬಲಕ್ಕೆ ಇದ್ದ ಚಪ್ಪಟೆ ಗಾಜೇ ಇರಲಿ ಎಂದೆವು. ಎಡದಲ್ಲಿ ಬೇಕಾದದ್ದು ಅಂದಾಜಲ್ಲ, ಯಾರೋ ಇದ್ದಾರೆ ಎಂಬ ಸುಳಿವು. ಅದಕ್ಕೆ ಉಬ್ಬುಗನ್ನಡಿ. ತೀರ ಸೌಟಿನಷ್ಟು ಉಬ್ಬಿದ್ದು ಬೇಡ, ಅಷ್ಟು ದೂರದಿಂದ ಬೈಕು ಇರುವೆಯಂತೆ ಕಾಣುತ್ತದೆ.

ಗಾಜಿನ ಗುಣ ನೋಡುವುದನ್ನು ಮಾತ್ರ ಮರೆಯಬೇಡಿ. ಸೀರೆಯ ಬಣ್ಣ ನೋಡುವಂತೆ ಕನ್ನಡಿಯನ್ನೂ ಅಂಗಡಿಯ ಹೊರಗೆ ಬೆಳಕಿಗೆ ತನ್ನಿ. ಎದುರು ಅಂಗಡಿಯ ಬಾಗಿಲಿನ ಅಂಚು ಅದರಲ್ಲಿ ಕಾಣುವಂತೆ ಹಿಡಿದು ಮೆಲ್ಲಗೆ ಆಡಿಸಿ. ಗೆರೆ ಹಾವಿನಂತೆ ನುಲಿದರೆ ಹಿಂದಕ್ಕೆ ಕೊಡಿ. ನಾನು ಮೂರು ಹಿಂದಕ್ಕೆ ಕೊಟ್ಟೆ. ಅಂಗಡಿಯವನು, "ಅಮ್ಮಾ, ಇದು ಜೀಪಿಗೆ ತಾನೆ?" ಎಂದು ಕೇಳಿದ. "ಹೌದಪ್ಪ, ಅದಕ್ಕೇ" ಎಂದೆ.

ಗ್ಯಾರೇಜಿನಲ್ಲಿ ಮಡ್‌ಗಾರ್ಡಿಗೆ ತೂತು ಕೊರೆಯುವ ಹೊತ್ತಿಗೆ ಇವರು ಎದ್ದು ಹೊರಗೆ ಹೋದರು! ನನ್ನ ಮೂಗು ಚುಚ್ಚಿದ ದಿನ ನಮ್ಮಪ್ಪನೂ ಹೀಗೇ ಹೊರಗೆ ಹೋಗಿದ್ದರಂತೆ. ಕೊರೆದ ತೂತಿನ ಅಂಚಿಗೆ ಕೂಡಲೇ ಪೇಂಟು ಸವರಿಸಬೇಕು, ಇಲ್ಲವಾದರೆ ನಮ್ಮ ಹವೆಗೆ ಒಂದೇ ಮಳೆಗಾಲದಲ್ಲಿ ತುಕ್ಕು. ನಟ್ಟಿನ ಕೆಳಗೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ವಾಷರು ಹಾಕಿಸಿದೆವು. ಎತ್ತರದ ಸಣ್ಣ ಸರಳಿನ ತುದಿಗೆ ಕನ್ನಡಿ ಕೂರಿಸಿದರೆ ಎಂಜಿನ್ನಿನ ನಡುಕಕ್ಕೆ ಒಂದು ಬೈಕು ನಾಲ್ಕಾಗಿ ಕಾಣುತ್ತದೆ. ಆದ್ದರಿಂದ ದಪ್ಪ ಸರಳು, ಅದಕ್ಕೆ ಓರೆಯಾಗಿ ಇನ್ನೊಂದು ಊರೆ. ನಟ್ಟು ತೀರ ಸಡಿಲವಾದರೆ ಕನ್ನಡಿ ನಾಚಿಕೆಯಿಂದ ತಲೆ ತಗ್ಗಿಸುತ್ತದೆ, ತೀರ ಬಿಗಿಯಾದರೆ ಕೈಗೆ ಬಗ್ಗುವುದಿಲ್ಲ. ಕಾಫಿ ಗಿಡದ ಕೊಂಬೆ ತಗುಲಿದರೆ ತಿರುಗಬೇಕು, ಗಾಳಿಗೆ ತಿರುಗಬಾರದು, ಅಷ್ಟು ಬಿಗಿ.

ಕನ್ನಡಿ ಹಾಕಿಸಿದರೆ ಅರ್ಧ ಕೆಲಸ, ತಿರುಗಿಸಿ ಇಡುವುದು ಇನ್ನರ್ಧ. ಹಿಂದಿನ ದಿಗಂತ ಕನ್ನಡಿಯ ನಡುಮಟ್ಟಕ್ಕೆ ಬರಬೇಕು. ಒಳ ಅಂಚಿನಲ್ಲಿ ನಮ್ಮ ಗಾಡಿಯ ಮೈ ಒಂದು ಎಳೆಯಷ್ಟು ಕಂಡರೆ ಸಾಕು. ಅರ್ಧ ಕನ್ನಡಿಯ ತುಂಬ ಸ್ವಂತ ಜೀಪನ್ನೇ ನೋಡಿಕೊಂಡು ಹೋಗುವವರಿದ್ದಾರೆ, ಅದರಿಂದ ಏನು ಪ್ರಯೋಜನ?

ನಮ್ಮಲ್ಲಿ ಓಡಿಸುವವರು ಮೂವರು. ಮಗ ಆರಡಿ, ಸೊಸೆ ಐದಡಿ, ಇವರು ನಡುವೆ. ಒಬ್ಬರು ಇಳಿದ ಮೇಲೆ ಇನ್ನೊಬ್ಬರಿಗೆ ಬಲಗನ್ನಡಿಯಲ್ಲಿ ಆಕಾಶ, ಇಲ್ಲವೇ ಅಂಗಳ. ದಿನಾ ಅದೇ ಗೊಣಗಾಟ. ನಾನು ನನ್ನ ಹಣೆಯ ಟಿಕಲಿಯೊಂದನ್ನು ತೆಗೆದು ಬಲಗನ್ನಡಿಯ ಒಳ ಅಂಚಿಗೆ, ಸರಿಯಾಗಿ ನಡುಮಟ್ಟದಲ್ಲಿ ಅಂಟಿಸಿದೆ. ಯಾರೇ ಕೂರಲಿ, ದಿಗಂತ ಟಿಕಲಿಯ ಮಟ್ಟಕ್ಕೆ ಬರಬೇಕು, ಜೀಪಿನ ಹಿಂದಿನ ಮೂಲೆ ಟಿಕಲಿಗೆ ತಾಗಬೇಕು. ಅಷ್ಟಾದರೆ ಕನ್ನಡಿ ಅವರ ಕಣ್ಣಿಗೆ ಸರಿಯಾಯಿತು. ಎಡಗನ್ನಡಿ ಸೀಟಿನಿಂದ ಕೈಗೆ ಎಟುಕುವುದಿಲ್ಲ, ಮಡ್‌ಗಾರ್ಡಿನ ಮೇಲೆ ಹಾಕುವುದರ ದೋಷ ಅದೊಂದು. ಒಬ್ಬರು ಕೂತು, ಇನ್ನೊಬ್ಬರು ಹೊರಗೆ ನಿಂತು ತಿರುಗಿಸಬೇಕು. ಆದರೆ ಉಬ್ಬುಗನ್ನಡಿಯ ನೋಟ ಅಗಲವಾದ್ದರಿಂದ ಇವರ ಕಣ್ಣಿಗೆ ಇಟ್ಟದ್ದು ಸೊಸೆಗೂ ಆಗಿಬರುತ್ತದೆ. ಮಗ ರಜಕ್ಕೆ ಬಂದಾಗ ಮಾತ್ರ ಸ್ವಲ್ಪ ಮೇಲಕ್ಕೆ.

ಮಳೆಗಾಲದಲ್ಲಿ ಕನ್ನಡಿಗೆ ಒಣ ಸಾಬೂನನ್ನು ತೆಳ್ಳಗೆ ಸವರಿ, ಒಣಬಟ್ಟೆಯಲ್ಲಿ ಹೊಳಪು ಬರುವವರೆಗೆ ಒರೆಸಿಡಿ. ಮಂಜು ಕೂರುವುದು ಕಡಿಮೆಯಾಗುತ್ತದೆ.

ಈಗ ಇವರೊಬ್ಬರೇ ಸೊಸೈಟಿಗೆ ಹೋಗಿಬರುತ್ತಾರೆ. ನಾನು ಮನೆಯಲ್ಲಿ ನೆಮ್ಮದಿಯಾಗಿ ಒಗ್ಗರಣೆ ಹಾಕುತ್ತೇನೆ. ಜೊತೆಗೆ ಹೋದಾಗ ಬಾಯಿ ತೆರೆಯುವಷ್ಟರಲ್ಲಿ, "ಕಂಡಿತು, ಕಂಡಿತು" ಎನ್ನುತ್ತಾರೆ. ಸ್ವಲ್ಪ ಬೇಜಾರಾಗುತ್ತದೆ ಅನ್ನಿ.

ಆದರೆ ಜೀಪಿನ ನೇರ ಬೆನ್ನಿಗೆ, ಸ್ಟೆಪ್ನಿಯ ಕೆಳಗೆ, ಈ ಮೂರು ಕನ್ನಡಿಯಲ್ಲಿ ಒಂದೂ ನೋಡಲಾರದು. ಬಕೆಟ್ಟನ್ನು ಅಲ್ಲಿಟ್ಟು ಮೂವರೂ ಕೂತು ನೋಡಿದ್ದೇವೆ, ಯಾರಿಗೂ ಕಾಣಲಿಲ್ಲ. ನಮ್ಮ ಮೊಮ್ಮಗಳಿಗೆ ಈಗ ನಾಲ್ಕು ವರ್ಷ, ಬಕೆಟ್ಟಿಗಿಂತ ಎಷ್ಟು ಎತ್ತರ? ಆದ್ದರಿಂದ ಅಂಗಳದಲ್ಲಿ ಜೀಪು ಸ್ಟಾರ್ಟ್ ಆದ ಕೂಡಲೇ ಅವಳು ಓಡಿಬಂದು ಜಗಲಿಯ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಬೇಕು. ಅವಳು ನಿಂತದ್ದನ್ನು ಕಣ್ಣಾರೆ ನೋಡಿ, "ಹಿಡ್ಕೊಂಡ್ಯಾ ಪುಟ್ಟಿ?" ಎಂದು ಕೇಳಿ, "ಹಿಡ್ಕೊಂಡೆ ಅಜ್ಜಾ" ಎಂದ ಮೇಲೆಯೇ ಇವರು ರಿವರ್ಸ್ ಹಾಕುತ್ತಾರೆ.