ಗೇಟಿಗೆ ಹತ್ತಿರವೋ, ನೀರಿಗೆ ಹತ್ತಿರವೋ?

ಯಜಮಾನರಿಗೆ ವರ್ಗಾವಣೆಯ ಆರ್ಡರು ಬಂದಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಯಾವುದು ಹೇಳಿ? "ಆಫೀಸಿನಿಂದ ಮನೆ ಎಷ್ಟು ದೂರ?" ಎಂಬುದೇ ಅಲ್ಲವೇ? ಗಂಡಸರು ಕಿಲೋಮೀಟರು ಎಣಿಸುತ್ತಾರೆ, ಬಸ್ಸಿನ ವೇಳೆ ವಿಚಾರಿಸುತ್ತಾರೆ, ಒಂದು ಭಾನುವಾರ ಹೋಗಿ ಅಡ್ವಾನ್ಸು ಕೊಟ್ಟು ಬಂದೂ ಬಿಡುತ್ತಾರೆ. ನಾವು ಪಾತ್ರೆ ಪಡಗ ಮೂಟೆ ಕಟ್ಟಿಕೊಂಡು ಹಿಂದೆ ಹೊರಡುತ್ತೇವೆ. ಆದರೆ ಸೋದರಿಯರೇ, ಸ್ವಲ್ಪ ಯೋಚಿಸಿ ನೋಡಿ. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಏಳಕ್ಕೆ ಬರುವವರು ಆ ಊರಿನಲ್ಲಿ ಉಂಡು ಮಲಗುತ್ತಾರೆ, ಅಷ್ಟೆ. ಹಗಲೆಲ್ಲ ಅಲ್ಲಿ ಬದುಕುವವರು ನಾವು, ನಮ್ಮ ಮಕ್ಕಳು, ಮನೆಯ ಹಿರಿಯರು. ಹಾಗಿದ್ದ ಮೇಲೆ ಊರು ಆರಿಸಬೇಕಾದವರು ಯಾರು?

ನಾವು ತುಮಕೂರಿನಿಂದ ಚಳ್ಳಕೆರೆಗೆ ಬಂದದ್ದು 2018ರಲ್ಲಿ. ಚಳ್ಳಕೆರೆ ಎಂದರೆ ಹಿಂದೆಲ್ಲ ಜನರಿಗೆ ನೆನಪಾಗುತ್ತಿದ್ದದ್ದು ಶೇಂಗಾ ಎಣ್ಣೆಯ ಗಿರಣಿಗಳು ಮತ್ತು ಕುರಿ ಉಣ್ಣೆಯ ಕಂಬಳಿ. ಈಗ ಇನ್ನೊಂದು ಹೆಸರು ಸೇರಿಕೊಂಡಿದೆ. ತಾಲೂಕಿನ ವರವು ಕಾವಲಿನಲ್ಲಿ ಡಿ.ಆರ್.ಡಿ.ಓ. ಸಂಸ್ಥೆಯ ವಿಮಾನ ಪರೀಕ್ಷಾ ಕೇಂದ್ರವಿದೆ. ಚಾಲಕನಿಲ್ಲದೆ ಹಾರುವ ವಿಮಾನಗಳನ್ನು ಹಾರಿಸಿ ನೋಡುವ ಜಾಗ ಅದು. 2017ರ ಮೇ ತಿಂಗಳಲ್ಲಿ ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿಯವರು ಅದನ್ನು ಉದ್ಘಾಟಿಸಿದರು. ಹತ್ತಿರದ ಕುದಾಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಎರಡನೇ ಆವರಣವಿದೆ. ಅಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಹೀಗಾಗಿ ಎಲ್ಲೆಲ್ಲಿಯದೋ ಸಂಸಾರಗಳು ಈ ಬಯಲಿಗೆ ಬಂದು, "ಯಾವ ಊರಿನಲ್ಲಿ ಮನೆ ಮಾಡೋಣ?" ಎಂದು ಕೇಳುವಂತಾಗಿದೆ. ಕ್ವಾರ್ಟರ್ಸ್ ಸಿಗುವವರ ಮಾತು ಬೇರೆ. ಬಾಡಿಗೆ ಮನೆ ಹುಡುಕುವ ನಮ್ಮಂಥವರ ಮಾತು ನಾನು ಹೇಳುತ್ತಿರುವುದು.

ನಮ್ಮ ಮನೆಯವರು ಆ ಗೋಡೆಯ ಒಳಗೆ ಕೆಲಸಕ್ಕೆ ಹೋಗುವವರು. ಏನು ಕೆಲಸ ಅಂತ ದಯವಿಟ್ಟು ಕೇಳಬೇಡಿ, ನಾನೂ ಕೇಳುವುದಿಲ್ಲ! ಆಫೀಸಿನ ಮಾತು ಮನೆಗೆ ಬರುವುದಿಲ್ಲ, ಅದು ಅಲ್ಲಿಯ ಶಿಸ್ತು. ಮೊದಮೊದಲು ನನಗೆ ಇದು ಕಷ್ಟವೇ ಆಗಿತ್ತು. ಊಟಕ್ಕೆ ಕೂತಾಗ ಬೇರೆ ಮನೆಗಳಲ್ಲಿ ಮ್ಯಾನೇಜರನ್ನು ಬೈದುಕೊಂಡಾದರೂ ಮಾತು ಬೆಳೆಯುತ್ತದೆ. ನಮ್ಮಲ್ಲಿ ಅದೂ ಇಲ್ಲ. ಹೀಗಿರುವಾಗ ನಿಮ್ಮ ದಿನವನ್ನು ತುಂಬಿಕೊಡುವುದು ನೆರೆಹೊರೆ, ಸಂತೆ, ಮಕ್ಕಳ ಶಾಲೆ. ಅದಕ್ಕೇ ಊರು ಮುಖ್ಯ ಅನ್ನುವುದು.

ನಮ್ಮ ಮುಂದೆ ನಾಲ್ಕು ಊರುಗಳಿದ್ದವು. ಗೇಟಿಗೆ ತೀರ ಹತ್ತಿರದ್ದು ನಾಯಕನಹಟ್ಟಿ. ತಿಪ್ಪೇರುದ್ರಸ್ವಾಮಿಯ ಪುಣ್ಯಕ್ಷೇತ್ರ, ಫಾಲ್ಗುಣದ ತೇರಿಗೆ ಜನಸಾಗರ. ಎರಡನೆಯದು ತಾಲೂಕು ಕೇಂದ್ರವಾದ ಚಳ್ಳಕೆರೆ. ರೈಲು ನಿಲ್ದಾಣವಿದೆ, ಹಿರಿಯೂರು–ಬಳ್ಳಾರಿ ಹೆದ್ದಾರಿ ಇಲ್ಲಿಂದಲೇ ಹಾದುಹೋಗುತ್ತದೆ. ಮೂರನೆಯದು ಜಿಲ್ಲಾ ಕೇಂದ್ರ ಚಿತ್ರದುರ್ಗ. ಚಳ್ಳಕೆರೆಯಿಂದ ಇನ್ನೂ ಸುಮಾರು 30 ಕಿಲೋಮೀಟರು. ಕಾಲೇಜು, ದೊಡ್ಡ ಆಸ್ಪತ್ರೆ ಎಲ್ಲ ಅಲ್ಲಿ. ನಾಲ್ಕನೆಯದು ಬಳ್ಳಾರಿ ದಿಕ್ಕಿನಲ್ಲಿರುವ ಮೊಳಕಾಲ್ಮೂರು. ಬಂಡೆಗುಡ್ಡಗಳ ಮಡಿಲಿನ ಸಣ್ಣ ಊರು, ರೇಷ್ಮೆ ಸೀರೆಯ ಊರು.

ನಮ್ಮ ಯಜಮಾನರು, "ನಾಯಕನಹಟ್ಟಿ ಸಾಕು, ನನಗೆ ಓಡಾಟ ಉಳಿಯುತ್ತೆ" ಅಂದರು. ಅವರ ಸ್ನೇಹಿತರು, "ದುರ್ಗದಲ್ಲೇ ಮನೆ ಮಾಡಿ, ಮಕ್ಕಳ ಓದಿಗೆ ಒಳ್ಳೆಯದು" ಅಂದರು. ಅತ್ತೆಯವರಂತೂ, "ನನ್ನನ್ನ ಆ ಮರಳುಗಾಡಿಗೆ ತಂದು ಹಾಕಬೇಡ್ರಪ್ಪ" ಅಂತ ಕಣ್ಣೀರೇ ಹಾಕಿದರು. ಅವರಿಗೆ ಉಬ್ಬಸ. ಮಗಳು ಆಗ ಏಳನೇ ಕ್ಲಾಸು. ನಾನು ಒಂದೇ ಮಾತು ಹೇಳಿದೆ: "ನಾಲ್ಕೂ ಊರನ್ನ ನಾನೊಂದು ಸಲ ನೋಡ್ತೀನಿ. ಅದೂ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ." ಮನೆಯವರು ನಕ್ಕರು, ಆದರೆ ಕರೆದುಕೊಂಡು ಹೋದರು.

ಇದು ಮರಳುಗಾಡೇನೂ ಅಲ್ಲ, ಆ ಭಯ ಬೇಡ. ಆದರೆ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಸೇರುತ್ತವೆ. ಮಲೆನಾಡಿನ ಕಡೆಯಿಂದ ಬಂದವರಿಗೆ ಹಸಿರು ಕಾಣದೆ ಕಣ್ಣು ಬಾಯಾರುತ್ತದೆ. ಚೈತ್ರ ವೈಶಾಖದಲ್ಲಿ ತಾರಸಿ ಮನೆ ಒಲೆಯ ಹಾಗೆ ಕಾಯುತ್ತದೆ. ಆದ್ದರಿಂದ ಇಲ್ಲಿ ಮನೆ ನೋಡುವಾಗ ಹಜಾರ ಎಷ್ಟು ದೊಡ್ಡದು ಅಂತ ನೋಡಬೇಡಿ. ಸಂಪು ಎಷ್ಟು ದೊಡ್ಡದು ನೋಡಿ.

ನೀರಿನ ವಿಷಯ ಇನ್ನಷ್ಟು ಬಿಡಿಸಿ ಹೇಳಬೇಕು. ಈ ಸೀಮೆಯ ಬಹಳಷ್ಟು ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿಯಬಾರದು. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ವರ್ಷಗಟ್ಟಲೆ ಕುಡಿದ ದೊಡ್ಡವರಿಗೆ ಕೀಲು, ಬೆನ್ನು ಬಿಗಿಯುತ್ತದೆ. "ಕಾಯಿಸಿ ಕುಡಿದರಾಯ್ತು" ಅಂದುಕೊಳ್ಳಬೇಡಿ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ಬಳಸುವ ನೀರು ಬೇರೆ, ಕುಡಿಯುವ ನೀರು ಬೇರೆ ಎಂದು ಇಲ್ಲಿಯ ಹೆಂಗಸರು ಎರಡು ಲೆಕ್ಕ ಇಟ್ಟುಕೊಳ್ಳುತ್ತಾರೆ. ನೀವೂ ಮನೆ ಒಪ್ಪಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ: ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಅದು ಹೊಳೆಯ ನೀರೋ, ಬೋರಿನ ನೀರೋ? ಶುದ್ಧ ನೀರಿನ ಘಟಕ ಎಷ್ಟು ಹೆಜ್ಜೆ? ಇದನ್ನು ಮನೆ ಓನರನ್ನು ಕೇಳಬೇಡಿ, ಪಕ್ಕದ ಮನೆಯ ಹೆಂಗಸನ್ನು ಕೇಳಿ!

ಎಲ್ಲ ನೋಡಿ ನಾನು ಚಳ್ಳಕೆರೆ ಅಂದೆ. ಯಜಮಾನರಿಗೆ ದಿನವೂ ಹೋಗುತ್ತ ಬರುತ್ತ ಓಡಾಟ ಹೆಚ್ಚಾಯಿತು, ಅದು ನಿಜ. ಆದರೆ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಶಾಲೆ, ರಾತ್ರಿಯೂ ಬಾಗಿಲು ತೆರೆದಿರುವ ಆಸ್ಪತ್ರೆ. ಎರಡನೇ ಬೇಸಿಗೆಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅತ್ತೆಯವರಿಗೆ ಉಸಿರು ಕಟ್ಟಿತು. ಮನೆಯವರು ರಾತ್ರಿ ಪಾಳಿಯಲ್ಲಿದ್ದರು. ಒಳಗೆ ಹೋದ ಮೇಲೆ ಅವರಿಗೆ ಫೋನು ಸಿಗುವುದಿಲ್ಲ. ಪಕ್ಕದ ಮನೆಯ ಬಾಗಿಲು ಬಡಿದೆ. ಆ ಮನೆಯ ಹುಡುಗ ಲುಂಗಿಯಲ್ಲೇ ಓಡಿ ಆಟೋ ತಂದ. ಹತ್ತು ನಿಮಿಷದಲ್ಲಿ ಆಸ್ಪತ್ರೆಯಲ್ಲಿದ್ದೆವು, ಆಮ್ಲಜನಕ ಕೊಟ್ಟರು. ಬೆಳಿಗ್ಗೆ ಮನೆಯವರು ಗಾಬರಿಯಿಂದ ಓಡಿಬಂದಾಗ ಅತ್ತೆ ಕಾಫಿ ಕುಡಿಯುತ್ತ ಕೂತಿದ್ದರು. ಅವತ್ತಿನಿಂದ ಆ ಮನೆ ಈ ಮನೆ ಅನ್ನುವ ಭೇದ ನಮ್ಮಲ್ಲಿಲ್ಲ. ಈಗಲೂ ನಲ್ಲಿಯಲ್ಲಿ ನೀರು ಬಂದರೆ ಆಕೆ ಗೋಡೆಯಾಚೆಯಿಂದ ಕೂಗುತ್ತಾರೆ: "ಅಕ್ಕಾ, ನೀರು ಬಂದೈತೆ, ಕೊಡಪಾನ ಹಿಡ್ಕಂಡ್ ಬಾ!"

ಇದನ್ನೋದಿ ಎಲ್ಲರೂ ಚಳ್ಳಕೆರೆಗೇ ಬರಬೇಕು ಅಂತ ನಾನು ಹೇಳುವುದಿಲ್ಲ. ನನ್ನ ಗೆಳತಿಯೊಬ್ಬರು ಮೊಳಕಾಲ್ಮೂರನ್ನು ಆರಿಸಿಕೊಂಡರು. ಅವರ ಯಜಮಾನರದ್ದು ಕಟ್ಟಡದ ಗುತ್ತಿಗೆ ಕೆಲಸ, ವಾರದಲ್ಲಿ ಮೂರು ದಿನ ಮಾತ್ರ ಕುದಾಪುರದ ಕಡೆ. ಆಕೆಯ ತವರು ಬಳ್ಳಾರಿ, ಕಾಯಿಲೆ ಕಸಾಲೆಗೆ ಮೊಳಕಾಲ್ಮೂರಿನವರೂ ಬಳ್ಳಾರಿಯತ್ತಲೇ ಮುಖ ಮಾಡುವವರು. ಹೊಲಿಗೆ, ಕುಚ್ಚು ಕಟ್ಟುವುದರಲ್ಲಿ ಆಕೆಯ ಕೈ ಚುರುಕು. ಮಗ್ಗದ ಸದ್ದಿನ ಬೀದಿಯಲ್ಲಿ ಮನೆ ಹಿಡಿದು ಸೀರೆಗೆ ಕುಚ್ಚು ಕಟ್ಟಿಕೊಡುತ್ತ ತನ್ನದೇ ಸಂಪಾದನೆ ಮಾಡಿಕೊಂಡಿದ್ದಾರೆ. ಮೊಳಕಾಲ್ಮೂರು ಸೀರೆಗೆ ಜಿ.ಐ. ಮಾನ್ಯತೆಯೂ ಇದೆ. ಆಕೆಗೆ ನನ್ನ ಚಳ್ಳಕೆರೆ ಒಗ್ಗುತ್ತಿರಲಿಲ್ಲ, ನನಗೆ ಆಕೆಯ ಮೊಳಕಾಲ್ಮೂರು ಒಗ್ಗುತ್ತಿರಲಿಲ್ಲ. ರಜೆಯಲ್ಲಿ ಅವರ ಮನೆಗೆ ಹೋದಾಗ ಮಕ್ಕಳಿಗೆ ಬ್ರಹ್ಮಗಿರಿಯ ಅಶೋಕನ ಶಾಸನ ತೋರಿಸಿದೆವು. ತಂದೆ ತಾಯಿಯರ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿಡಿ, ಸತ್ಯ ಹೇಳಿ ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿಯ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಈ ಬಯಲಿಗೆ ಸರ್ಕಾರದವರು ಬರುವುದು ಹೊಸದೇನಲ್ಲ ನೋಡಿ!

"ವಿಮಾನದ ಭಯ ಇಲ್ವಾ?" ಅಂತ ಊರಿನಿಂದ ಬಂದ ನೆಂಟರು ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಬೇಕು. 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ತಿರ, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲೂಕಿನ ವದ್ದೀಕೆರೆ ಹತ್ತಿರ ಚಾಲಕನಿಲ್ಲದ ವಿಮಾನಗಳು ಜಮೀನಿಗೆ ಬಿದ್ದವು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಹೆಮ್ಮೆಯ ದಿನಗಳೂ ಇವೆ. 2023ರ ಏಪ್ರಿಲ್ 2, ಭಾನುವಾರ ಬೆಳಿಗ್ಗೆ. ಇಸ್ರೋದ ರೆಕ್ಕೆಯ ರಾಕೆಟ್ಟನ್ನು ವಾಯುಪಡೆಯ ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ನಮ್ಮ ಪರೀಕ್ಷಾ ಕೇಂದ್ರದ ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಇನ್ನೂ ಎರಡು ಸಲ ಹೀಗೆ ಇಳಿಸಿದರು. ನನಗೆ ಗೊತ್ತಾದದ್ದು ಟಿ.ವಿ.ಯಿಂದ, ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಾಗ. "ನಿಮಗೆ ಮೊದಲೇ ಗೊತ್ತಿತ್ತಾ?" ಅಂದರೆ ಮನೆಯವರು ಸುಮ್ಮನೆ ನಕ್ಕರು.

ಊರು ಆರಿಸುವಾಗ ಇನ್ನೊಂದು ಸಂಗತಿ ತಿಳಿದಿರಬೇಕು. ಅದನ್ನು ನಿಮಗೆ ಆಫೀಸಿನವರಾಗಲಿ ಮನೆ ಓನರಾಗಲಿ ಹೇಳುವುದಿಲ್ಲ. ಈಗ ಗೋಡೆಯೊಳಗಿರುವ ನೆಲ ಹಿಂದೆ ಅಮೃತ ಮಹಲ್ ಕಾವಲು. ಮೈಸೂರು ಅರಸ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗೆಂದು "ಬೆಣ್ಣೆ ಚಾವಡಿ" ಇತ್ತು. ಅದನ್ನೇ ಟಿಪ್ಪು ಸುಲ್ತಾನ್ "ಅಮೃತ ಮಹಲ್" ಎಂದು ಕರೆದ. ಆ ದನಗಳು ಮೇಯಲು ಬಿಟ್ಟ ಹುಲ್ಲುಗಾವಲುಗಳು ಇವು. ಸುತ್ತಲ ಹಟ್ಟಿಗಳ ಕುರಿ, ಆಕಳುಗಳಿಗೂ ಅದೇ ಆಸರೆ. ಡಿ.ಆರ್.ಡಿ.ಓ.ಗೆ ಕೊಟ್ಟದ್ದೇ 4,290 ಎಕರೆ. ಗೋಡೆ ಎದ್ದಾಗ ಹಳ್ಳಿಯವರು ಪ್ರತಿಭಟಿಸಿದರು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2014ರಲ್ಲಿ ನ್ಯಾಯಮಂಡಳಿ ಷರತ್ತುಗಳ ಮೇಲೆ ಕೆಲಸ ಮುಂದುವರಿಸಲು ಬಿಟ್ಟಿತು. ದೇಶಕ್ಕೆ ವಿಮಾನ ಬೇಕು, ನಿಜ. ಕುರಿಗೆ ಹುಲ್ಲೂ ಬೇಕಲ್ಲ?

ನಮ್ಮ ಬೀದಿಗೆ ಸೊಪ್ಪು ಮಾರಲು ಹಟ್ಟಿಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಒಂದು ದಿನ ಬುಟ್ಟಿ ಇಳಿಸಿ ಕೇಳಿದರು: "ನಮ್ ಕುರಿ ಮೇಯ್ತಿದ್ದ ಜಾಗದಾಗೆ ಇಮಾನ ಇಳಿಸ್ತಾರಂತಲ್ಲವ್ವ, ನಿನ್ ಗಂಡ ಅಲ್ಲೇನಾ ಕೆಲ್ಸ?" ನನಗೆ ಒಂದು ಕ್ಷಣ ಬಾಯಿ ಬರಲಿಲ್ಲ. "ಹೌದಜ್ಜಿ, ಅಲ್ಲೇ" ಅಂದೆ. ಅಜ್ಜಿ ನನ್ನ ಮುಖವನ್ನೇ ನೋಡಿದರು. "ಮನೇಲಿ ಅರವತ್ತು ಕುರಿ ಇದ್ವು, ಈಗ ಹದಿನೈದು ಅದಾವೆ" ಅಂದು, ಎಂದಿನ ಹಾಗೆ ಕಟ್ಟಿನ ಮೇಲೊಂದು ಹಿಡಿ ಕೊಸರು ಹಾಕಿಯೇ ಕೊಟ್ಟರು. ನಾನು ಅಜ್ಜಿಗೆ ಏನು ಸಮಾಧಾನ ಹೇಳಬಹುದಿತ್ತು? ಅವತ್ತಿನಿಂದ ಅವರ ಹತ್ತಿರ ಚೌಕಾಸಿ ಮಾಡುವುದನ್ನು ಬಿಟ್ಟೆ. ಅವರು ಬಂದಾಗ ಒಂದು ಲೋಟ ಮಜ್ಜಿಗೆ ಕೊಟ್ಟು ಐದು ನಿಮಿಷ ಕೂರಿಸಿಕೊಂಡು ಮಾತನಾಡುತ್ತೇನೆ. ಮಗಳನ್ನೂ ಕೂರಿಸುತ್ತೇನೆ. ಅಪ್ಪನ ಸಂಬಳ ಬರುವ ನೆಲ ಯಾರ ಹೊಟ್ಟೆಯದಾಗಿತ್ತು ಎಂಬುದು ಅವಳಿಗೂ ಗೊತ್ತಿರಲಿ.

ಆದ್ದರಿಂದ ಇಂಥ ಕಡೆ ಬರಬೇಕಾದ ಸೋದರಿಯರು ಇಷ್ಟು ಮಾಡಿ. ಅಡ್ವಾನ್ಸು ಕೊಡುವ ಮೊದಲು ನೀವೇ ಬಂದು ಊರು ನೋಡಿ. ಬೇಸಿಗೆಯಲ್ಲಿ ನೋಡಿ, ಸಾಧ್ಯವಾದರೆ ಎರಡು ರಾತ್ರಿ ಉಳಿಯಿರಿ. ನೀರು, ಆಸ್ಪತ್ರೆ, ಶಾಲೆ, ಈ ಮೂರೂ ಸರಿಯಿದ್ದರೆ ಮಾತ್ರ ಬಾಡಿಗೆಯ ಮಾತು. ಮನೆಯಲ್ಲಿ ಹಿರಿಯರಿದ್ದರೆ ರಾತ್ರಿ ವೇಳೆ ಗಾಡಿ ಸಿಗುತ್ತದೆಯೇ ವಿಚಾರಿಸಿ. ನಿಮ್ಮ ಕೈಯಲ್ಲಿ ಕಸುಬಿದ್ದರೆ ಅದಕ್ಕೆ ಗಿರಾಕಿ ಎಲ್ಲಿ ಹೆಚ್ಚು, ಅದನ್ನೂ ನೋಡಿ. ಯಜಮಾನರಿಗೆ ದಿನವೂ ಸ್ವಲ್ಪ ಪ್ರಯಾಣ ಹೆಚ್ಚಾದರೆ ಆಗಲಿ ಬಿಡಿ. ಬಸ್ಸಿನಲ್ಲಿ ಅವರು ನಿದ್ದೆ ಮಾಡಬಹುದು.

ಬಂದ ಮೇಲೆ ಮೊದಲ ವಾರದಲ್ಲೇ ಎರಡೂ ಪಕ್ಕದ ಮನೆಗಳಿಗೆ ಹೋಗಿ ಪರಿಚಯ ಮಾಡಿಕೊಳ್ಳಿ. ಇಲ್ಲಿಯವರ ಮಾತು ಸ್ವಲ್ಪ ಒರಟು ಅನ್ನಿಸಬಹುದು, ಶೇಂಗಾದ ಸಿಪ್ಪೆಯ ಹಾಗೆ. ಒಳಗೆ ಎಣ್ಣೆ ಇದೆ. ಹಾಂ, ಇನ್ನೊಂದು ಮಾತು. ಸಾಮಾನು ಕಟ್ಟುವಾಗ ಎರಡು ಕೊಡಪಾನ ಹೆಚ್ಚಿಗೇ ತನ್ನಿ. ನೀರು ಬಂದ ದಿನ ಪಕ್ಕದ ಮನೆಯವರು ಊರಿಗೆ ಹೋಗಿದ್ದರೆ ಅವರ ಪಾಲಿಗೂ ಹಿಡಿದಿಡಬೇಕಲ್ಲ!