ದಾಳದ ನ್ಯಾಯ

ನಮ್ಮೂರಿನ ಬಸದಿಯ ಜೀರ್ಣೋದ್ಧಾರ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ. ಅಮೆರಿಕದಲ್ಲಿರುವ ನನ್ನ ಸೋದರಳಿಯ ಮೇಲ್ಛಾವಣಿಯ ಕೆಲಸಕ್ಕೆ ದೊಡ್ಡ ಮೊತ್ತವೊಂದನ್ನು ಕೊಡುವುದಾಗಿ ತಿಳಿಸಿದಾಗ, ಹಿರಿಯರೊಬ್ಬರು ಅವನ ಉದ್ಯೋಗವೇನೆಂದು ಕೇಳಿದರು. ಜೂಜಿನ ಯಂತ್ರಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಗಣಿತಜ್ಞನೆಂದೆ. ಸಭೆ ಮೌನವಾಯಿತು. ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದೆಂದು ಅಲ್ಲಿ ಯಾರಿಗೂ ನೆನಪಿಸಬೇಕಾಗಿರಲಿಲ್ಲ.

ಮೂವತ್ತು ವರ್ಷ ಸಂಖ್ಯಾಶಾಸ್ತ್ರವನ್ನು ಬೋಧಿಸಿದವನು ನಾನು. ಅವನಿಗೆ ಈ ವಿದ್ಯೆಯ ಮೊದಲ ಪಾಠ ಹೇಳಿದವನೂ ನಾನೇ. ಆದ್ದರಿಂದ ಸಭೆಯ ಪ್ರಶ್ನೆ ನನ್ನದೂ ಆಯಿತು. ಫೋನಿನಲ್ಲಿ ವಿಚಾರಿಸಿದೆ. "ಮಾವ, ನಾನು ಜೂಜಾಡುವವನಲ್ಲ, ಆಡಿಸುವವನೂ ಅಲ್ಲ. ಆಡುವವರಿಗೆ ಮೋಸವಾಗದಂತೆ ಕಾಯುವವನು" ಎಂದ.

ಅವನ ಮಾತಿನಲ್ಲಿ ಸತ್ಯವಿದೆ. ಇಂದಿನ ಜೂಜಿನ ಯಂತ್ರದೊಳಗೆ ದಾಳವಿಲ್ಲ. ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುವ ಗಣಕಕ್ರಮವಿದೆ. ಅದನ್ನು ಅಳೆಯುವ ಬಗೆಯನ್ನು ದಾಳದಿಂದಲೇ ತಿಳಿಯಬಹುದು. ದಾಳವನ್ನು 6000 ಬಾರಿ ಉರುಳಿಸಿದರೆ ಪ್ರತಿ ಮುಖವೂ ಸುಮಾರು 1000 ಬಾರಿ ಬೀಳಬೇಕು. ಪ್ರತಿ ಮುಖದ ವ್ಯತ್ಯಾಸವನ್ನು ವರ್ಗಗೊಳಿಸಿ, 1000ದಿಂದ ಭಾಗಿಸಿ, ಕೂಡಿಸಬೇಕು. ಮೊತ್ತ 11.07ನ್ನು ಮೀರಿದರೆ ಸಂದೇಹಪಡಬೇಕು. ನಿರ್ದೋಷಿಯಾದ ದಾಳ ಅಷ್ಟು ದೂರ ಹೋಗುವುದು ನೂರಕ್ಕೆ ಐದು ಸಲ ಮಾತ್ರ. ಇದು ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ-ವರ್ಗ ಪರೀಕ್ಷೆ. ಇಷ್ಟೇ ಸಾಲದು. ಒಂದು, ಎರಡು, ಮೂರು ಎಂದು ಸರದಿಯಂತೆ ಬೀಳುವ ದಾಳ ಈ ಪರೀಕ್ಷೆಯನ್ನು ಸುಲಭವಾಗಿ ದಾಟುತ್ತದೆ. ಅದನ್ನು ಹಿಡಿಯಲು ಅನುಕ್ರಮದ ಪರೀಕ್ಷೆ ಬೇರೆಯೇ ಬೇಕು.

ಅಂಕಿಗಳಿಗೆ ಕಾಣದ ಮೋಸವೂ ಉಂಟು. ಅಮೆರಿಕದ ಬಹುರಾಜ್ಯ ಲಾಟರಿ ಸಂಘದ ಮಾಹಿತಿ ಭದ್ರತೆಯ ಮುಖ್ಯಸ್ಥನಾಗಿದ್ದ ಎಡ್ಡಿ ಟಿಪ್ಟನ್, ತಾನೇ ಬರೆದ ಗಣಕಕ್ರಮದಲ್ಲಿ ಗುಟ್ಟಾದ ಸಾಲುಗಳನ್ನು ಸೇರಿಸಿದ್ದ. ವರ್ಷದ ಕೆಲವೇ ದಿನಗಳಂದು ಅದು ಅವನು ಊಹಿಸಬಲ್ಲ ಸಂಖ್ಯೆಗಳನ್ನು ಕೊಡುತ್ತಿತ್ತು. ಉಳಿದ ದಿನಗಳಲ್ಲಿ ನಿರ್ಮಲವಾಗಿತ್ತು. 2010ರ ಡಿಸೆಂಬರ್ 29ರ ಡ್ರಾದಲ್ಲಿ 1.65 ಕೋಟಿ ಡಾಲರಿನ ಬಹುಮಾನ ಅವನೇ ಕೊಂಡಿದ್ದ ಚೀಟಿಗೆ ಬಂತು. ಆ ಹಣ ಅವನ ಕೈ ಸೇರಲಿಲ್ಲ. 2017ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೆ ಗುರಿಯಾದ. ಕಾವಲಿನವನೇ ಕನ್ನ ಹಾಕಿದ ಈ ಪ್ರಸಂಗವನ್ನು ನನಗೆ ಹೇಳಿದವನು ಅಳಿಯನೇ. "ಅದಕ್ಕಾಗಿಯೇ ನನ್ನಂಥವರು ಬೇಕು" ಎಂಬುದು ಅವನ ವಾದ.

ಆದರೆ ಮೋಸವಿಲ್ಲದ ಯಂತ್ರ ಏನು ಮಾಡುತ್ತದೆ? ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆಗಳಿವೆ. ಒಂದು ಸಂಖ್ಯೆಗೆ ಒಂದು ಡಾಲರು ಕಟ್ಟಿ ಗೆದ್ದವನಿಗೆ ದೊರೆಯುವ ಲಾಭ 35 ಡಾಲರು. ಸಮನ್ಯಾಯವಾಗಿದ್ದರೆ 37 ಬರಬೇಕಿತ್ತು. ಆದುದರಿಂದ ಚಕ್ರ ಎಷ್ಟೇ ನಿಷ್ಪಕ್ಷಪಾತವಾಗಿದ್ದರೂ ಕಟ್ಟಿದ ನೂರು ಡಾಲರಿಗೆ ಸರಾಸರಿ 5.26 ಡಾಲರು ಜೂಜುಕಟ್ಟೆಯ ಪಾಲಾಗುತ್ತದೆ. ಪರೀಕ್ಷೆ ಕಾಯುವುದು ದಾಳದ ನ್ಯಾಯವನ್ನು. ಆಟದ ಅನ್ಯಾಯ ಅದರ ಕಣ್ಣೆದುರಿನಲ್ಲೇ ಉಳಿಯುತ್ತದೆ.

ನಮ್ಮ ಶಾಸ್ತ್ರಕಾರರು ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡುವವರಿಗೆ ಅನುಮತಿಸಿದ್ದು ಎಂದು ಕರ್ಮವನ್ನು ಮೂರು ಬಗೆಯಾಗಿ ಎಣಿಸಿದರು. ಇದನ್ನು ನೆನೆದು ಅಳಿಯನನ್ನು ಒಂದೇ ಮಾತು ಕೇಳಿದೆ: "ನಿಮ್ಮ ಪ್ರಮಾಣಪತ್ರವಿಲ್ಲದೆ ಆ ಯಂತ್ರ ಜೂಜುಕಟ್ಟೆಗೆ ಬರುತ್ತದೆಯೇ?"

ಬಹಳ ಹೊತ್ತು ಸುಮ್ಮನಿದ್ದು, "ಇಲ್ಲ ಮಾವ" ಎಂದ.

ಅವನ ಸಂಬಳವನ್ನು ಕದ್ದ ಹಣವೆಂದು ನಾನು ಕರೆಯಲಾರೆ. ಅವನು ಸುಳ್ಳಾಡದೆ ದುಡಿಯುತ್ತಾನೆ. ಅವನಂಥವರಿಲ್ಲದಿದ್ದರೆ ಸೋಲುವವರು ಇನ್ನಷ್ಟು ಸೋಲುತ್ತಿದ್ದರು. ಆದರೂ ಅವನ ರುಜುವನ್ನು ನಂಬಿಯೇ ಜನ ಆ ಯಂತ್ರದ ಮುಂದೆ ಕೂರುತ್ತಾರೆ. ಮೂವತ್ತು ವರ್ಷ ತರಗತಿಯಲ್ಲಿ ದಾಳದ ಲೆಕ್ಕವನ್ನೇ ಉದಾಹರಿಸಿದ ನಾನು, ಅದು ಎಲ್ಲಿ ಉರುಳುತ್ತದೆಂದು ಒಮ್ಮೆಯೂ ಹೇಳಲಿಲ್ಲ. ಆ ಲೋಪವನ್ನು ಸಮಿತಿಯ ಮುಂದೆ ಒಪ್ಪಿಕೊಂಡೆ.

ಸಮಿತಿ ತೀರ್ಮಾನಿಸುವ ಮೊದಲೇ ಅಳಿಯ ಕಾಣಿಕೆಯನ್ನು ಸದ್ಯಕ್ಕೆ ತಡೆಹಿಡಿದ. ಔಷಧ ಪ್ರಯೋಗಗಳಲ್ಲಿ ರೋಗಿಗಳನ್ನು ಪಕ್ಷಪಾತವಿಲ್ಲದೆ ಗುಂಪುಗಳಿಗೆ ಹಂಚಲೂ ಇದೇ ಯಾದೃಚ್ಛಿಕ ಸಂಖ್ಯೆಗಳು ಬೇಕು. ಅಲ್ಲಿ ಕೆಲಸ ಹುಡುಕುತ್ತಿದ್ದಾನೆ. ಇನ್ನೂ ಸಿಕ್ಕಿಲ್ಲ. ಈ ಮಳೆಗಾಲವೂ ಬಸದಿಯ ಛಾವಣಿಗೆ ತಾಡಪಾಲನ್ನೇ ಹೊದಿಸಿದ್ದೇವೆ.