ಎರಡು ಚಮಚದಷ್ಟು ಜಾಗ

ಅಪ್ಪನ ಮೇಜಿನ ಮೇಲೆ ಪೆನ್ನು ಇಡುವ ಒಂದು ಅಲ್ಯೂಮಿನಿಯಂ ಡಬ್ಬಿ ಇತ್ತು. ಅದು ಡಬ್ಬಿಯಲ್ಲ, ತಲೆಕೆಳಗು ಮಾಡಿ ನಿಲ್ಲಿಸಿದ ಪಿಸ್ಟನ್ನು ಎಂದು ನನಗೆ ತಿಳಿದಿದ್ದು ಹೈಸ್ಕೂಲಿಗೆ ಹೋದ ಮೇಲೆ. ಅದರ ತಳದ ಅಂಚಿನಲ್ಲಿ ಬಟಾಣಿಯಷ್ಟು ತೂತು. ಸುತ್ತ ಮೇಣ ಕರಗಿ ಗಟ್ಟಿಯಾದಂಥ ಗುರುತು. ಯಾಕೆ ಇಟ್ಟುಕೊಂಡಿದ್ದೀರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ವಡಗೇರಾದ ನಮ್ಮ ಮನೆಯ ಬೇವಿನ ಮರದ ಕೆಳಗೆ ಅಪ್ಪನ 1972ರ ಅಂಬಾಸಿಡರ್ ಮಾರ್ಕ್ 2 ಹನ್ನೊಂದು ವರ್ಷ ನಿಂತಿತ್ತು. ಕೋಳಿಗಳು ಅದರಡಿ ಸಂಸಾರ ಮಾಡಿದವು. ಅಪ್ಪನಿಗೆ ಎಂಬತ್ತು ತುಂಬಿದ ವರ್ಷ, ಕೃಷ್ಣೆ-ಭೀಮೆ ಕೂಡುವ ಸಂಗಮಕ್ಕೆ ಅದೇ ಕಾರಿನಲ್ಲಿ ಹೋಗಿ ಬರಬೇಕೆಂಬ ಆಸೆಯನ್ನು ಒಮ್ಮೆ ಬಾಯಿಬಿಟ್ಟು ಹೇಳಿದರು. ಲಾರಿಯ ಮೇಲೆ ಕಾರನ್ನು ಹೇರಿಸಿ ಯಾದಗಿರಿಯ ಗ್ಯಾರೇಜಿಗೆ ಒಯ್ದೆ.

ಎಂಜಿನ್ ಬಿಚ್ಚಿದ ಉಸ್ತಾದರು ಸಿಲಿಂಡರಿನ ಒಳಗೋಡೆಗೆ ಉಗುರು ತಾಕಿಸಿ, 'ಸವದು ಹೋಗ್ಯಾದ ಸಾರ್. ನಲವತ್ತು ಸೈಜಿಗಿ ಬೋರ್ ಮಾಡ್ಬೇಕು' ಎಂದರು. ನಲವತ್ತು ಅಂದರೆ ಇಂಚಿನ ಸಾವಿರದ ನಲವತ್ತು ಭಾಗ, ಸುಮಾರು ಒಂದು ಮಿಲಿಮೀಟರು. 73 ಮಿ.ಮೀ. ಅಗಲದ ಸಿಲಿಂಡರು 74 ಆಗುತ್ತದೆ. 1489 ಸಿಸಿಯ ಎಂಜಿನ್ನು 1531 ಆಗುತ್ತದೆ. ಅದಕ್ಕೆ ಹೊಂದುವ ಹೊಸ ಪಿಸ್ಟನ್ನು ಬೇಕು.

ಉಸ್ತಾದರು ಎರಡು ಸೆಟ್ಟು ತರಿಸಿದರು. ಒಂದರ ತಲೆ ಬಟ್ಟಲಿನಂತೆ ತಗ್ಗು, ಇನ್ನೊಂದರದು ಸಪಾಟು. ನೋಡುವವರಿಗೆ ಇಷ್ಟೇ ವ್ಯತ್ಯಾಸ. ಪಿಸ್ಟನ್ನು ಕೆಳಗಿದ್ದಾಗ ಸಿಲಿಂಡರಿನಲ್ಲಿ ತುಂಬಿದ ಗಾಳಿ-ಪೆಟ್ರೋಲು, ಪಿಸ್ಟನ್ನು ಮೇಲೆ ಬಂದಾಗ ಎಷ್ಟು ಪಟ್ಟು ಚಿಕ್ಕ ಜಾಗಕ್ಕೆ ಒತ್ತಿಕೊಳ್ಳುತ್ತದೆ ಎಂಬುದೇ ಕಂಪ್ರೆಶನ್ ರೇಶಿಯೊ. ಹಳೆಯ ಅಳತೆಯಲ್ಲಿ ಮೇಲೆ 60 ಸಿಸಿ ಜಾಗ ಉಳಿದರೆ ಅದು 7.2, 51 ಸಿಸಿ ಉಳಿದರೆ 8.3. ನಡುವಿನ ಅಂತರ 9 ಸಿಸಿ, ಅಂದರೆ ಎರಡು ಚಹಾ ಚಮಚಕ್ಕೂ ಕಡಿಮೆ. ಬೋರ್ ಹಿಗ್ಗಿಸಿದಾಗ ಎರಡೂ ಅಂಕಿ ತುಸು ಏರಿ 7.4 ಮತ್ತು 8.5 ಆಗುತ್ತವೆ.

ನನ್ನ ಕಣ್ಣು ಸಪಾಟು ಪಿಸ್ಟನ್ನಿನ ಮೇಲಿತ್ತು. ಹೆಚ್ಚು ಒತ್ತಿದರೆ ಅಷ್ಟೇ ಪೆಟ್ರೋಲಿನಿಂದ ಹೆಚ್ಚು ಶಕ್ತಿ. ಕಾರು ಹುಟ್ಟಿದ ಕಾಲದ ಪೆಟ್ರೋಲಿಗೆ ಹೋಲಿಸಿದರೆ ಇಂದಿನದರ ಆಕ್ಟೇನ್ ಹೆಚ್ಚು, 8.5ನ್ನು ತಡೆದೀತು ಎಂದು ಪುಸ್ತಕ ನೋಡಿ ಲೆಕ್ಕ ಹಾಕಿದ್ದೆ. ಉಸ್ತಾದರು ನಕ್ಕು, 'ರೇಸಿಗಿ ಬಿಡ್ತೀರೇನು ಸಾರ್? ಮನ್ಯಾಗ ಯಜಮಾನರ್ನ ಒಮ್ಮಿ ಕೇಳ್ರಿ' ಎಂದರು.

ಎರಡೂ ಪಿಸ್ಟನ್ನುಗಳನ್ನು ಮನೆಗೆ ತಂದು ಅಪ್ಪನ ಮುಂದಿಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಪೆನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟು, ಆ ತೂತಿನ ಪಿಸ್ಟನ್ನನ್ನು ನನ್ನ ಕೈಗೆ ಕೊಟ್ಟರು.

'83ರ ಬ್ಯಾಸಗಿ. ಗಾಡಿ ಏರು ಹತ್ತವಲ್ದು ಅಂತ ಹೆಡ್ ತೆಗಿಸಿ ಮಶೀನಿಗಿ ಕೊಟ್ಟು ಉಜ್ಜಿಸಿದ್ದೆ ತಮ್ಮಾ. ಬೇಕಾದ್ದಕ್ಕಿಂತ ಜಾಸ್ತಿ ಉಜ್ಜಿಬಿಟ್ರು. ಹದಿನೈದು ದಿನ ಕುದರಿ ಓಡಿದಂಗ ಓಡ್ತು. ನಿಮ್ಮವ್ವಗ ಏಳು ತಿಂಗಳಾಗಿತ್ತು, ನೋವು ಕಾಣಿಸ್ಕೊಂತು. ರಾಯಚೂರಿಗಿ ಹೊಂಟಿದ್ವಿ, ಸುಡು ಮಧ್ಯಾಹ್ನ. ಎಂಜಿನ್ನು ಟಣಟಣ ಅಂತಿತ್ತು. ನಾ ಕೇಳಿಸ್ಕೊಂಡೆ, ಆದ್ರ ಕಾಲು ತೆಗಿಲಿಲ್ಲ.'

ಆ ಟಣಟಣ ಏನೆಂದು ನನಗೆ ಪುಸ್ತಕದಿಂದ ಗೊತ್ತಿತ್ತು. ಕಿಡಿ ಹತ್ತಿದ ಮೇಲೆ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಬೇಕು. ಒತ್ತಡ, ಕಾವು ಮಿತಿ ಮೀರಿದರೆ ಮೂಲೆಯಲ್ಲಿ ಉಳಿದ ಪೆಟ್ರೋಲು ತನ್ನ ಸರದಿ ಬರುವ ಮೊದಲೇ ತಾನೇ ಸಿಡಿಯುತ್ತದೆ. ಅದೇ ನಾಕಿಂಗು. ಬೇಸಿಗೆಯ ಕಾದ ಗಾಳಿ, ಭಾರ, ಏರು ಎಲ್ಲವೂ ಅದಕ್ಕೆ ಕೂಡಿಬರುತ್ತವೆ. ಅದು ಬಿಡದೆ ಬಡಿದರೆ ಪಿಸ್ಟನ್ನು ಕಾದು ಕರಗುತ್ತದೆ. ಆ ಸದ್ದು ಕೇಳಿಯೂ ಕಾಲು ತೆಗೆಯಲಾಗದ ಮನುಷ್ಯನ ಬಗ್ಗೆ ಪುಸ್ತಕದಲ್ಲಿ ಏನೂ ಇರಲಿಲ್ಲ.

'ರಸ್ತಾದಾಗ ಎರಡು ತಾಸು ಕುಂತ್ವಿ. ಲಾರಿ ಸಿಕ್ತು. ಕೂಸು ಉಳಿಲಿಲ್ಲ. ಗಾಡಿ ನಿಂತಿದ್ದಕ್ಕ ಹಂಗಾತೋ, ಇಲ್ದಿದ್ರೂ ಹಂಗೇ ಆಗ್ತಿತ್ತೋ, ಡಾಕ್ಟರಿಗೂ ಹೇಳಾಕ ಬರಲಿಲ್ಲ.'

ನನಗೊಬ್ಬ ತಂಗಿ ಇರಬೇಕಿತ್ತು ಎಂದು ನನಗೆ ಗೊತ್ತಾದದ್ದು ಅಂದು. ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ಅವಳನ್ನು ಕೇಳುವ ಹಾಗೂ ಇರಲಿಲ್ಲ.

ಆ ರಾತ್ರಿ ಮತ್ತೆ ಲೆಕ್ಕ ಮಾಡಿದೆ. 7.4ರಿಂದ 8.5ಕ್ಕೆ ಏರಿದರೆ, ಕಾಗದದ ಲೆಕ್ಕದಲ್ಲಿ ಸಿಗುವ ಲಾಭ ನೂರಕ್ಕೆ ನಾಲ್ಕರಷ್ಟು. ನನ್ನ ಮೊದಲಿನ ಲೆಕ್ಕ ತಪ್ಪಿರಲಿಲ್ಲ. ಸರಿಯಾಗಿ ಟೈಮಿಂಗ್ ಇಟ್ಟರೆ ಸಪಾಟು ಪಿಸ್ಟನ್ನೂ ನಡೆಯುತ್ತಿತ್ತು. ಆದರೆ ಅಪ್ಪ ಆ ಕಾರಿನಲ್ಲಿ ಕೂತಷ್ಟು ಹೊತ್ತೂ ಟಣಟಣಕ್ಕೆ ಕಿವಿಗೊಟ್ಟೇ ಕೂರುತ್ತಿದ್ದರು. ನೂರಕ್ಕೆ ನಾಲ್ಕರ ಲಾಭಕ್ಕಾಗಿ ಅವರನ್ನು ಹಾಗೆ ಕೂರಿಸಲು ಮನಸ್ಸು ಬರಲಿಲ್ಲ.

ಮರುದಿನ ಉಸ್ತಾದರಿಗೆ ತಗ್ಗಿನ ಸೆಟ್ಟು ಕೊಟ್ಟೆ. 'ಹೆಡ್ಡಿಗಿ ಎಷ್ಟು ಉಜ್ಜಲಿ?' ಎಂದು ಕೇಳಿದರು. 'ಸಪಾಟಾಗೋದಕ್ಕ ಎಷ್ಟು ಬೇಕೋ ಅಷ್ಟೇ' ಎಂದೆ. ಇಂದಿನ ಪೆಟ್ರೋಲಿನ ಎಥೆನಾಲ್ ಹಳೆ ರಬ್ಬರಿಗೆ ಆಗದು ಎಂದು ಪೈಪುಗಳನ್ನೂ ಬದಲಿಸಿದೆವು.

ಜನವರಿಯ ಒಂದು ಬೆಳಿಗ್ಗೆ ಸಂಗಮಕ್ಕೆ ಹೊರಟೆವು. ಹೊಸ ಪಿಸ್ಟನ್ನು ಪಳಗುವವರೆಗೆ ಮೆಲ್ಲಗೆ ಓಡಿಸಬೇಕು; ನಲವತ್ತರ ಮೇಲೆ ಹೋಗಲಿಲ್ಲ. ಬೈಕಿನ ಹುಡುಗರು ಹಾರ್ನು ಹೊಡೆದು ಮುಂದೆ ಹೋದರು. ಒಂದು ಏರು ಬಂತು. ಅಪ್ಪ ಮಾತು ನಿಲ್ಲಿಸಿ ಕಿವಿಗೊಟ್ಟರು. ಏರು ಮುಗಿದ ಮೇಲೆ ಕಿಟಕಿಯ ಗಾಜು ಇಳಿಸಿ, 'ಹತ್ತಿ ಬಿಡಿಸಾಕ ಹತ್ಯಾರ ನೋಡು' ಎಂದು ಹೊಲದ ಕಡೆ ತೋರಿಸಿದರು.